ವಿಂಡೋಸ್ 98ಕ್ಕೂ ಡಾಸ್‌ಗೂ ಮನೆಯ ವೈಫೈ ಕೊಟ್ಟಿದ್ದು ಹೀಗೆ

ಬೆಳಗಾವಿಯ ಶಹಾಪುರದಲ್ಲಿ ನಮ್ಮ ಮನೆ. ಮೇಲಿನ ಕೋಣೆಯಲ್ಲಿ ಎರಡು ಹಳೆ ಕಂಪ್ಯೂಟರ್ ಇವೆ: ಡಾಸ್ (ಕಮಾಂಡ್ ಟೈಪ್ ಮಾಡಿ ನಡೆಸುವ, ವಿಂಡೋಸ್‌ಗಿಂತ ಹಿಂದಿನ ವ್ಯವಸ್ಥೆ) ಓಡುವ ಒಂದು 386, ವಿಂಡೋಸ್ 98 ಇರುವ ಒಂದು ಪೆಂಟಿಯಂ. ನಾನು ಡಿಟಿಪಿ ಮಾಡುತ್ತಿದ್ದ ಕಾಲದ ಲಗ್ನಪತ್ರಿಕೆ, ಜಾತ್ರೆಯ ಹ್ಯಾಂಡ್‌ಬಿಲ್ ಎಲ್ಲ ಪೇಜ್‌ಮೇಕರ್ ಎಂಬ ಪುಟ ವಿನ್ಯಾಸದ ಪ್ರೋಗ್ರಾಂನ ಫೈಲ್‌ಗಳಾಗಿ ಪೆಂಟಿಯಂನಲ್ಲೇ ಉಳಿದಿದ್ದವು. ಅವನ್ನು ಲ್ಯಾಪ್‌ಟಾಪಿಗೆ ತರಬೇಕಿತ್ತು. ಆ ನೆಪದಲ್ಲಿ ಎರಡನ್ನೂ ಮನೆಯ ವೈಫೈಗೆ ಸೇರಿಸಿದೆ.

ಇಂಥ ಕೆಲಸಕ್ಕೆ ಕೈ ಹಾಕುವವರು ಮೊದಲು ಹುಡುಕುವುದು ಹಳೆ ಪಿಸಿಗೆ ಕೂರುವ ವೈಫೈ ಕಾರ್ಡ್. ಅದು ಬೇಡ. ಆ ಕಾಲದ ಕಾರ್ಡ್‌ಗಳಿಗೆ ಹೆಚ್ಚಾಗಿ ಗೊತ್ತಿರುವ ವೈಫೈ ಬೀಗ ಒಂದೇ, ವೆಪ್. ಅದನ್ನು ಒಡೆಯುವ ದಾರಿ 2001ರಲ್ಲೇ ಸಿಕ್ಕಿತು. ಈಗ ಮನೆಮನೆಯಲ್ಲಿರುವ ಡಬ್ಲ್ಯೂಪಿಎ2 ಎಂಬ ಬೀಗ ಬಂದಿದ್ದು 2004ರಲ್ಲಿ. ಹಳೆ ಕಾರ್ಡಿಗಾಗಿ ರೌಟರನ್ನು ವೆಪ್‌ಗೆ ಇಳಿಸುವುದು ಅಂದರೆ ಬೆಕ್ಕು ಬರಲಿ ಅಂತ ರಾತ್ರಿಯಿಡೀ ತಲೆಬಾಗಿಲು ತೆರೆದಿಟ್ಟ ಹಾಗೆ.

ಅದಕ್ಕೇ ವೈಫೈ ಕೆಲಸವನ್ನು ಪಿಸಿಯ ಹೊರಗೇ ಮುಗಿಸಿದೆ. ಅಂಗೈಯಷ್ಟು ದೊಡ್ಡ ಟ್ರಾವೆಲ್ ರೌಟರ್ ಸಿಗುತ್ತದೆ, ಮೊಬೈಲ್ ಚಾರ್ಜರ್ ಮೇಲೆ ಓಡುತ್ತದೆ. ಅದನ್ನು ಕ್ಲೈಂಟ್ ಮೋಡ್‌ಗೆ ಹಾಕಿದರೆ ಮನೆಯ ವೈಫೈ ಹಿಡಿದು ಲ್ಯಾನ್ ಕೇಬಲ್‌ನಲ್ಲಿ ಕೊಡುತ್ತದೆ. ಪಾಸ್‌ವರ್ಡ್ ಗೊತ್ತಿರುವುದು ಆ ಡಬ್ಬಿಗೆ ಮಾತ್ರ. ಹಳೆ ಪಿಸಿ ತನಗೆ ವೈರ್ ಬಂದಿದೆ ಅಂದುಕೊಂಡು ಸುಮ್ನೆ ಇರುತ್ತದೆ. ಮೋಡ್ ಆರಿಸುವಾಗ ಮಾತ್ರ ಹುಷಾರು. ಹಾಟ್‌ಸ್ಪಾಟ್ ಅಥವಾ ವಿಸ್ಪ್ ಎಂಬ ಮೋಡ್ ಹಾಕಿದರೆ ಡಬ್ಬಿಯ ಹಿಂದೆ ಬೇರೆಯೇ ನೆಟ್‌ವರ್ಕ್ ಆಗುತ್ತದೆ. ಹಳೆ ಪಿಸಿಯಿಂದ ಹೊರಗೆ ಹೋಗಬಹುದು, ಲ್ಯಾಪ್‌ಟಾಪಿನಿಂದ ಅದರ ಹತ್ತಿರ ಬರಲು ಆಗುವುದಿಲ್ಲ. ನಮ್ಮದು ಕೆಂಪು ಕಲ್ಲಿನ ದಪ್ಪ ಗೋಡೆ, ಸಿಗ್ನಲ್ ದಾಟುವುದು ಕಷ್ಟ. ಡಬ್ಬಿಯನ್ನು ಮೆಟ್ಟಿಲ ಹತ್ತಿರ ಇಟ್ಟು ಅಲ್ಲಿಂದ ಉದ್ದ ಕೇಬಲ್ ಎಳೆದೆ.

ಪೆಂಟಿಯಂಗೆ ರಿಯಲ್‌ಟೆಕ್ 8139 ಚಿಪ್ಪಿನ ಪಿಸಿಐ ಲ್ಯಾನ್ ಕಾರ್ಡ್ ಸಾಕು. ವಿಂಡೋಸ್ 98ಕ್ಕೆ ಪೆನ್‌ಡ್ರೈವ್ ಹಾಗೇ ಗುರುತು ಸಿಗುವುದಿಲ್ಲ, ಹಾಗಾಗಿ ಡ್ರೈವರ್ ಫ್ಲಾಪಿಯಲ್ಲೇ ಹೋಯಿತು. ಉಳಿದದ್ದು ಸಲೀಸು.

386ರಲ್ಲಿ ಕೈ ಜಾಸ್ತಿ ಹಿಡಿಯಿತು. ಅದಕ್ಕೆ ಎನ್‌ಇ2000 ಮಾದರಿಯ ಲ್ಯಾನ್ ಕಾರ್ಡನ್ನು ಹಳೆ ಐಎಸ್‌ಎ ಸ್ಲಾಟಿಗೆ ಹಾಕಿದೆ. ಈ ಕಾರ್ಡ್‌ಗಳು ಸಾಮಾನ್ಯವಾಗಿ ಐಆರ್‌ಕ್ಯೂ (ಪ್ರೊಸೆಸರನ್ನು ಕರೆಯಲು ಪ್ರತಿ ಸಾಧನಕ್ಕೆ ಕೊಡುವ ನಂಬರ್) 3ರಲ್ಲಿ ಕೂತಿರುತ್ತವೆ. ಎರಡನೇ ಸೀರಿಯಲ್ ಪೋರ್ಟಿನದ್ದೂ ಅದೇ ನಂಬರ್. ಇಬ್ಬರೂ ಎದ್ದರೆ ಕಾರ್ಡ್ ಇದೆ ಅಂತ ತೋರಿಸುತ್ತದೆ, ಡೇಟಾ ಮಾತ್ರ ಬರುವುದಿಲ್ಲ. ನನ್ನ ಮೌಸ್ ಮೊದಲನೇ ಪೋರ್ಟಿನಲ್ಲಿತ್ತು, ಎರಡನೆಯದನ್ನು ಜಂಪರ್ ತೆಗೆದು ಬಂದ್ ಮಾಡಿದೆ. ಆಮೇಲೆ ಪ್ಯಾಕೆಟ್ ಡ್ರೈವರ್ (ಡಾಸ್ ಪ್ರೋಗ್ರಾಂಗಳಿಗೂ ಕಾರ್ಡಿಗೂ ನಡುವಿನ ಕೊಂಡಿ) ಹಾಕಿ, ಅದರ ಮೇಲೆ ಮೈಕೆಲ್ ಬ್ರಟ್‌ಮನ್ ಬರೆದ, ಡಾಸ್‌ನಲ್ಲಿ ನೆಟ್ ಕೆಲಸ ಮಾಡುವ ಎಂಟಿಸಿಪಿ ಓಡಿಸಿದೆ. ಪುಕ್ಕಟೆ ಸಿಗುವ ಈ ಪ್ರೋಗ್ರಾಂಗಳು 386ಕ್ಕಿಂತ ಹಳೆಯ 8088 ಪ್ರೊಸೆಸರ್ ಮೇಲೂ ಓಡುತ್ತವೆ. ಐಪಿ (ನೆಟ್‌ವರ್ಕ್ ವಿಳಾಸ) ಪಡೆಯುವುದು, ಫೈಲ್ ಕಳಿಸಲು ತರಲು ಎಫ್‌ಟಿಪಿ, ದೂರದ ಕಂಪ್ಯೂಟರಿಗೆ ಹೊಕ್ಕಲು ಟೆಲ್ನೆಟ್ ಎಲ್ಲ ಇವೆ. ಕಾರ್ಡ್ ಹಾಕಲು ಜಾಗವೇ ಇಲ್ಲದ ಯಂತ್ರವಾದರೆ ಸೀರಿಯಲ್ ಪೋರ್ಟಿಗೆ ಇಎಸ್‌ಪಿ8266 ಚಿಪ್ಪಿನ ವೈಫೈ ಮೋಡೆಮ್ ಹಚ್ಚಬಹುದು. ಫೋನ್ ನಂಬರ್ ಬದಲು ಸರ್ವರ್ ಹೆಸರಿಗೆ ಡಯಲ್ ಮಾಡಿದರೆ ಆಯಿತು.

ಫೈಲ್ ತರಲು ವಿಂಡೋಸ್ 98ರ ಶೇರಿಂಗ್ ಬಳಸಲಿಲ್ಲ. ಅದಕ್ಕೆ ಎಸ್‌ಎಂಬಿ ಎಂಬ ಫೈಲ್ ಹಂಚುವ ವಿಧಾನದ ಮೊದಲ ಆವೃತ್ತಿ ಬೇಕು. ವಿಂಡೋಸ್ 10 ಅದನ್ನು 2017ರಿಂದ ತಾನಾಗಿ ಹಾಕುವುದಿಲ್ಲ, ಸುರಕ್ಷತೆಗಾಗಿಯೇ ಕೈಬಿಟ್ಟಿದ್ದನ್ನು ಮತ್ತೆ ಯಾಕೆ ಎಬ್ಬಿಸಬೇಕು? ಮನೆಯಲ್ಲಿದ್ದ ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ ಎಫ್‌ಟಿಪಿ ಸರ್ವರ್ ಇಟ್ಟೆ. ವಿಂಡೋಸ್ 98ರಲ್ಲೇ ಎಫ್‌ಟಿಪಿ ಕಮಾಂಡ್ ಇದೆ. ಕಳಿಸುವ ಮೊದಲು ಬೈನರಿ ಮೋಡ್‌ಗೆ ಹೋಗಲೇಬೇಕು. ಅದು ಶುರುವಾಗುವುದು ಟೆಕ್ಸ್ಟ್ ಮೋಡ್‌ನಲ್ಲಿ, ಅದರಲ್ಲಿ ಕಳಿಸಿದರೆ ಸಾಲಿನ ಕೊನೆಯ ಗುರುತುಗಳನ್ನು ಬದಲಿಸಿ ಪೇಜ್‌ಮೇಕರ್ ಫೈಲನ್ನು ಕೆಡಿಸಿಬಿಡುತ್ತದೆ. ಎಫ್‌ಟಿಪಿಯಲ್ಲಿ ಪಾಸ್‌ವರ್ಡ್ ಬಟಾಬಯಲಾಗಿ ಹೋಗುತ್ತದೆ, ಹಾಗಾಗಿ ಬೇರೆಲ್ಲೂ ಬಳಸದ ಪಾಸ್‌ವರ್ಡ್ ಕೊಡಿ. ರೌಟರಿನಿಂದ ಹೊರಗಿನವರಿಗೆ ಪೋರ್ಟ್ ತೆರೆಯಲೇಬೇಡಿ.

ವೆಬ್ ನೋಡುವ ಆಸೆ ಯಾರಿಗಿಲ್ಲ? ಹಳೆ ಬ್ರೌಸರಿಗೆ ಇಂದಿನ ಎಚ್‌ಟಿಟಿಪಿಎಸ್ (ವೆಬ್‌ಸೈಟ್‌ಗಳು ಬಳಸುವ ಗುಪ್ತ ಸಂಪರ್ಕ) ತಿಳಿಯದು. ವಿಂಡೋಸ್ 98ಕ್ಕೆ ಯೂನಿಕೋಡ್ ಕನ್ನಡವೂ ಬಾರದು, ಅದು ವಿಂಡೋಸ್‌ಗೆ ಬಂದಿದ್ದೇ ಎಕ್ಸ್‌ಪಿ ಜೊತೆಗೆ. ಡಬ್ಲ್ಯೂಆರ್‌ಪಿ ಎಂಬ ಪ್ರೋಗ್ರಾಂ ಎರಡಕ್ಕೂ ಉಪಾಯ ಮಾಡುತ್ತದೆ. ಪೈ ಮೇಲೆ ಕೂತು ಇಂದಿನ ಬ್ರೌಸರಿನಲ್ಲಿ ಪುಟ ತೆರೆದು, ಇಡೀ ಪುಟವನ್ನು ಒಂದು ಜಿಫ್ ಚಿತ್ರ ಮಾಡಿ ಕಳಿಸುತ್ತದೆ. ನಾವು ಚಿತ್ರದ ಮೇಲೆ ಎಲ್ಲಿ ಒತ್ತಿದೆವು ಅನ್ನುವುದು ಪೈಗೆ ಹೋಗುತ್ತದೆ, ಅದು ಮುಂದಿನ ಪುಟ ತರುತ್ತದೆ. ಪೈನಲ್ಲಿ ನೋಟೋ ಸಾನ್ಸ್ ಕನ್ನಡ ಫಾಂಟ್ ಹಾಕಿದ್ದೇ ತಡ, ಕನ್ನಡ ವಿಕಿಪೀಡಿಯ ಒತ್ತಕ್ಷರ ಸಮೇತ ಪರದೆ ಮೇಲೆ ಬಂತು. ಅಣ್ಣನ ಮಗ ಒಂದು ಶಬ್ದವನ್ನು ಮೌಸ್‌ನಿಂದ ಸೆಲೆಕ್ಟ್ ಮಾಡಲು ನೋಡಿ, "ಕಾಕಾ, ಇದು ಬರೇ ಫೋಟೋ ಐತಲ್ರಿ!" ಅಂದ. ಖರೇ, ಫೋಟೋನೇ. ಓದಲು ಸಾಕಲ್ವಾ?

386ರ ಬ್ಯಾಟರಿ ಸತ್ತು ವರ್ಷಗಳಾದವು, ಕರೆಂಟ್ ಹೋದಾಗಲೆಲ್ಲ ತಾರೀಖು ಮರೆಯುತ್ತದೆ. ಈಗ ಆನ್ ಆದ ಕೂಡಲೇ ಎಂಟಿಸಿಪಿಯ ಎಸ್‌ಎನ್‌ಟಿಪಿ ಪ್ರೋಗ್ರಾಂ ನೆಟ್‌ನಿಂದ ಟೈಂ ತರುತ್ತದೆ. ಟೈಂ ಜೋನ್ ಬರೆಯುವಾಗ ಭಾರತಕ್ಕೆ ಮೈನಸ್ ಐದೂವರೆ ಎಂದೇ ಹಾಕಬೇಕು. ಅಲ್ಲಿನ ಲೆಕ್ಕ ಉಲ್ಟಾ. ಪ್ಲಸ್ ಹಾಕಿದರೆ ಗಡಿಯಾರ ಹನ್ನೊಂದು ತಾಸು ಹಿಂದೆ ಬೀಳುತ್ತದೆ.