ಟಗರಿನ ಬುರುಡೆಯೂ ಮಾಳಿಗೆಯ ಬಕೆಟ್ಟೂ

ನಮ್ಮ ಮನೆಗೆ ಬಂದವರು ಗೋಡೆಯ ಮೇಲಿನ ಬುರುಡೆ ನೋಡಿ ‘ಜಿಂಕೆಯದೇ?’ ಎಂದು ಕೇಳುತ್ತಾರೆ. ಅಲ್ಲ, ಟಗರಿನದು. ಜಿಂಕೆಯದಾಗಿದ್ದರೆ ನಾನು ಅದನ್ನು ಮುಟ್ಟುತ್ತಲೇ ಇರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಸತ್ತು ಬಿದ್ದ ಕಾಡುಪ್ರಾಣಿಯೂ ಸರ್ಕಾರದ ಸೊತ್ತು. ಕೈಗೆ ಬಂದರೆ 48 ಗಂಟೆಯೊಳಗೆ ಪೊಲೀಸರಿಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ತಾನಾಗಿ ಉದುರಿದ ಕೊಂಬನ್ನೂ ಮನೆಗೆ ತರುವಂತಿಲ್ಲ.

ಆದ್ದರಿಂದ, ಬಯಲಲ್ಲಿ ಸಿಕ್ಕ ಬುರುಡೆಯನ್ನು ಶುಚಿಮಾಡಿ ಗೋಡೆಗೇರಿಸುವ ಆಸೆಯಿದ್ದರೆ ಮೊದಲು ಕೊಂಬು ನೋಡಿ. ಕವಲೊಡೆದಿದ್ದರೆ ಜಿಂಕೆಯ ಜಾತಿ, ಅಲ್ಲೇ ಬಿಡಿ. ಕವಲಿಲ್ಲ ಎಂದ ಮಾತ್ರಕ್ಕೆ ನಿಶ್ಚಿಂತೆಯೂ ಬೇಡ: ಪುಣೆ ಜಿಲ್ಲೆಯ ಸುಪೆ ಕಡೆ ಮಯೂರೇಶ್ವರ ಅಭಯಾರಣ್ಯದಲ್ಲಿ ಚಿಂಕಾರ ಎಂಬ ಹುಲ್ಲೆಗಳಿವೆ, ಅವುಗಳ ಕೊಂಬು ಸಪೂರ, ಮೈತುಂಬ ಉಂಗುರ. ಟಗರಿನ ಕೊಂಬು ಬುಡದಲ್ಲಿ ದಪ್ಪ, ತ್ರಿಕೋನಾಕಾರ, ಕಿವಿಯ ಸುತ್ತ ಸುರುಳಿ ಸುತ್ತಿರುತ್ತದೆ. ಅನುಮಾನ ಬಂದರೆ ಫೋಟೋ ಸಾಕು.

ನನಗೆ ಈ ಬುರುಡೆ ಸಿಕ್ಕಿದ್ದು ಪುಣೆ ಹತ್ತಿರದ ದಿವೇ ಘಾಟಿನ ಕೆಳಗೆ, ಕುರಿ ಕಾಯುವ ಧನಗರರ ಮಂದೆ ಬೀಡುಬಿಟ್ಟು ಹೋಗಿದ್ದ ಬಯಲಿನಲ್ಲಿ. ಮಾಂಸವೆಲ್ಲ ಹೋಗಿ ಒಣಗಿತ್ತು. ಮೂಗಿನೊಳಗೆ ಮಣ್ಣು, ಹಿಂಬದಿಯಲ್ಲಿ ಒಂದಿಷ್ಟು ಚರ್ಮ. ಹಸಿ ಹೆಣದ ತಲೆಗೆ ಕೈ ಹಾಕಬೇಡಿ. ಕುರಿಗೆ ಆಂಥ್ರಾಕ್ಸ್ ಬರುತ್ತದೆ, ಅದರ ರೋಗಾಣು ಮಣ್ಣಿನಲ್ಲಿ ದಶಕಗಟ್ಟಲೆ ಉಳಿಯುತ್ತದೆ. ಹಠಾತ್ತಾಗಿ ಸತ್ತು, ಮೂಗು ಬಾಯಿಯಿಂದ ಕಪ್ಪು ರಕ್ತ ಸೋರಿದ ಕುರಿಯ ಹತ್ತಿರವೂ ಸುಳಿಯಬಾರದು. ಒಣ ಬುರುಡೆಗೂ ರಬ್ಬರ್ ಕೈಗವಸು, ಮಾಸ್ಕ್ ಇರಲಿ.

ಇದಕ್ಕೂ ಮುಂಚೆ ಒಂದು ಮೇಕೆ ಬುರುಡೆಯನ್ನು ನಾನು ಕೆಡಿಸಿದ್ದೆ. ಬೇಗ ಆಗಲೆಂದು ಹಳೆಯ ಪಾತ್ರೆಯಲ್ಲಿ ಕುದಿಸಿದೆ, ಬೆಳ್ಳಗಾಗಲೆಂದು ಬ್ಲೀಚಿಂಗ್ ಪೌಡರಿನಲ್ಲಿ ನೆನೆಸಿದೆ. ಕುದಿಸಿದರೆ ಕೊಬ್ಬು ಮೂಳೆಯೊಳಕ್ಕೇ ಇಳಿಯುತ್ತದೆ, ಮೂಗಿನೊಳಗಿನ ಹಾಳೆಯಂಥ ಎಲುಬು ಬಿರಿಯುತ್ತದೆ. ಬ್ಲೀಚಿಂಗ್ ಪೌಡರ್ ಮೂಳೆಯನ್ನೇ ತಿನ್ನುತ್ತದೆ. ಆರು ತಿಂಗಳಿಗೆ ಆ ಬುರುಡೆ ಹಳೆಯ ಸುಣ್ಣದ ಗೋಡೆಯಂತೆ ಉದುರತೊಡಗಿತು.

ಬೇಕಾದದ್ದು ಮುಚ್ಚಳವಿರುವ ಒಂದು ಪ್ಲಾಸ್ಟಿಕ್ ಬಕೆಟ್, ಬರಿಯ ನೀರು, ಬೇಸಿಗೆ. ಬುರುಡೆ ಮುಳುಗಿಸಿ ಮಾಳಿಗೆಯ ಮೂಲೆಯಲ್ಲಿಟ್ಟೆ. ಉಳಿದ ಚರ್ಮ, ನರಗಳನ್ನು ನೀರಿನ ಬ್ಯಾಕ್ಟೀರಿಯಾಗಳೇ ತಿಂದು ಮುಗಿಸುತ್ತವೆ. ನಾಲ್ಕೈದು ದಿನಕ್ಕೊಮ್ಮೆ ಅರ್ಧ ನೀರು ಮಾತ್ರ ಬದಲಿಸಿ; ಪೂರ್ತಿ ಚೆಲ್ಲಿದರೆ ಅವೂ ಹೋಗುತ್ತವೆ. ವಾಸನೆಯ ಬಗ್ಗೆ ಸುಳ್ಳು ಹೇಳಲಾರೆ. ಎಂಟನೆಯ ದಿನ ಕೆಳಮನೆಯ ಅಜ್ಜಿ ಮೆಟ್ಟಿಲಲ್ಲೇ ನಿಂತು ‘ಕಾಯ್ ಮೇಲಂಯ್ ವರ್?’ ಎಂದು ಮರಾಠಿಯಲ್ಲಿ ಕೂಗಿದರು. ಮೇಲೆ ಏನು ಸತ್ತಿದೆ ಎಂದು. ‘ರೀ, ಉತ್ತರ ನೀವೇ ಕೊಡಿ’ ಎಂದು ನನ್ನ ಹೆಂಡತಿ ಒಳಗೆ ಹೋದಳು. ಅಂದಿನಿಂದ ನೀರು ಬದಲಿಸುವ ಕೆಲಸ ರಾತ್ರಿ ಹನ್ನೊಂದರ ಮೇಲೆ.

ನೀರು ಚೆಲ್ಲುವಾಗ ಕೆಳಗೆ ಜರಡಿ ಹಿಡಿಯಲೇಬೇಕು, ಹಲ್ಲು ಉದುರಿರುತ್ತವೆ. ಮೇಲಿನ ಮುಂಬಲ್ಲು ಸಿಗಲಿಲ್ಲವೆಂದು ಹುಡುಕಬೇಡಿ. ಕುರಿ, ಮೇಕೆಗಳಿಗೆ ಅದು ಇರುವುದೇ ಇಲ್ಲ. ಮೇಲೆ ಎರಡೂ ಕಡೆ ಆರಾರು ದವಡೆಹಲ್ಲು. ಕೆಳಗೆ ಅಷ್ಟೇ ದವಡೆಹಲ್ಲು, ಜೊತೆಗೆ ಎಂಟು ಮುಂಬಲ್ಲು: ಒಟ್ಟು 32. ನಮ್ಮ ಬಾಗಲಕೋಟೆ ಕಡೆ ಟಗರಿನ ಕಾಳಗದಲ್ಲಿ ಹಾಲುಹಲ್ಲು, ಎರಡು ಹಲ್ಲು, ನಾಲ್ಕು ಹಲ್ಲು ಎಂದು ಜೋಡಿ ಕಟ್ಟುವುದು ಈ ಮುಂಬಲ್ಲುಗಳನ್ನು ನೋಡಿಯೇ. ನನ್ನದು ಎಂಟು ಹಲ್ಲಿನದು, ಅಂದರೆ ಪೂರ್ತಿ ಬಲಿತ ಟಗರು. ನನ್ನ ಅಜ್ಜ ಇದ್ದಿದ್ದರೆ ಬಕೆಟ್ಟಿಗೆ ಕೈಹಾಕಿ ತಾನೇ ಎಣಿಸುತ್ತಿದ್ದ.

ಹತ್ತು ಹನ್ನೆರಡು ದಿನಕ್ಕೆ ಕೊಂಬಿನ ಚಿಪ್ಪು ಸಡಿಲವಾಗುತ್ತದೆ. ಬುಡ ಹಿಡಿದು ಮೆಲ್ಲಗೆ ತಿರುವಿದರೆ, ಒಳಗಿನ ಎಲುಬಿನ ಗೂಟದಿಂದ ಗವಸು ಕಳಚಿದ ಹಾಗೆ ಜಾರಿ ಬರುತ್ತದೆ. ಬಾರದಿದ್ದರೆ ಎಳೆಯಬೇಡಿ, ಇನ್ನೆರಡು ದಿನ ಬಿಡಿ. ಇಡೀ ಕೆಲಸದ ಅತಿ ಕೆಟ್ಟ ನಾತ ಈ ಚಿಪ್ಪಿನ ಒಳಗೇ ಇರುವುದು. ಬಾಟಲಿ ತೊಳೆಯುವ ಬ್ರಷ್‌ನಿಂದ ಉಜ್ಜಿ ನೆರಳಲ್ಲಿ ಒಣಗಿಸಿ. ಮುಂದಿನ ಯಾವ ದ್ರಾವಣದಲ್ಲೂ ಚಿಪ್ಪನ್ನು ಅದ್ದಬೇಡಿ.

ಮೂಳೆ ಶುಭ್ರವಾಗಿ ಕಂಡರೂ ಕೊಬ್ಬು ಉಳಿದಿರುತ್ತದೆ. ಹಳದಿಯಾಗಿ, ಎಣ್ಣೆ ಬಿದ್ದ ಕಾಗದದಂತೆ ಕಾಣುವ ಜಾಗವೇ ಅದು. ಪಾತ್ರೆ ತೊಳೆಯುವ ದ್ರವ ಸೋಪು ಬೆರೆಸಿದ ಬೆಚ್ಚನೆಯ ನೀರಿನಲ್ಲಿಟ್ಟು, ನೀರು ಮಬ್ಬಾದಾಗಲೆಲ್ಲ ಬದಲಿಸಿ. ಕಪ್ಪು ಬಕೆಟ್ಟಾದರೆ ಮೇ ತಿಂಗಳ ಬಿಸಿಲೇ ನೀರು ಕಾಯಿಸಿಕೊಡುತ್ತದೆ. ನನಗೆ ಐದು ವಾರ ಹಿಡಿಯಿತು. ತಾಳ್ಮೆ ಕೆಡುವುದು ಇಲ್ಲೇ.

ಬಿಳುಪಿಗೆ ಔಷಧಿ ಅಂಗಡಿಯ ಹೈಡ್ರೋಜನ್ ಪೆರಾಕ್ಸೈಡ್. ‘20 ವಾಲ್ಯೂಮ್’ ಅಂದರೆ ಸುಮಾರು ಶೇ. 6, ಅಷ್ಟೇ ನೀರು ಬೆರೆಸಿ ಒಂದೆರಡು ದಿನ ಮುಳುಗಿಸಿಡಿ. ಪಾತ್ರೆ ಪ್ಲಾಸ್ಟಿಕ್ಕಿನದಿರಲಿ, ಲೋಹದ್ದು ಬೇಡ. ಮುಚ್ಚಳ ಬಿಗಿದರೆ ಒಳಗಿನ ಅನಿಲಕ್ಕೆ ಸಿಡಿಯಬಹುದು. ಕೈಗವಸಿನ ಜೊತೆ ಕಣ್ಣಿಗೆ ಕನ್ನಡಕವೂ ಬೇಕು. ಹಾಲಿನ ಬಿಳುಪು ಬರುವ ತನಕ ಕಾಯಬೇಡಿ, ಕೆನೆಬಣ್ಣವೇ ಚೆಂದ. ಆಮೇಲೆ ನೀರಲ್ಲಿ ತೊಳೆದು, ವಾರವಿಡೀ ನೆರಳಲ್ಲಿ ಒಣಗಿಸಿ; ಬಿಸಿಲಿಗಿಟ್ಟರೆ ಸೀಳುತ್ತದೆ.

ಹಲ್ಲುಗಳನ್ನು ಫೆವಿಕಾಲ್ ಹಚ್ಚಿ ಅದರದರ ಗುಳಿಯಲ್ಲಿ ಕೂರಿಸಿದೆ; ತಪ್ಪು ಗುಳಿಗೆ ಹಲ್ಲು ಒಗ್ಗುವುದಿಲ್ಲ, ಆದ್ದರಿಂದ ಒತ್ತಿ ತುರುಕುವ ಮೊದಲು ಇನ್ನೊಂದು ಗುಳಿ ನೋಡಿ. ಕೊಂಬಿನ ಗೂಟಕ್ಕೆ ಎಂ-ಸೀಲ್‌ನ ಎರಡು ಉಂಡೆ ಅಂಟಿಸಿ ಚಿಪ್ಪು ತೊಡಿಸಿದೆ. ಗೋಡೆಗೆ ನೇತುಹಾಕಲು ಮೂಳೆಗೆ ಮೊಳೆ ಹೊಡೆಯಬೇಕಿಲ್ಲ, ಕೊಂಬುಗಳ ಬುಡಕ್ಕೆ ತಾಮ್ರದ ತಂತಿ ಸುತ್ತಿದರೆ ಸಾಕು. ಕೊಂಬಿಗೆ ಕೊಬ್ಬರಿ ಎಣ್ಣೆ ಹಚ್ಚಿದರೆ ಕಮಟುತ್ತದೆ, ಹಚ್ಚಬೇಡಿ.

ಪುಣೆಯ ಮಳೆಗಾಲದಲ್ಲಿ ಬೂಸು ಹಿಡಿಯುತ್ತದೆ, ಕೊಂಬಿಗೆ ಹುಳುವೂ ಬೀಳುತ್ತದೆ. ಜೂನ್ ಬಂತೆಂದರೆ ಇಳಿಸಿ, ಎರಡು ನುಸಿಗುಳಿಗೆಯ ಜೊತೆ ಡಬ್ಬಿಯಲ್ಲಿಟ್ಟು, ದಸರೆಗೆ ಮತ್ತೆ ಏರಿಸುತ್ತೇನೆ.