ಹಾವೇರಿ ನೋಡುವುದು ಹೇಗೆ: ನಾನು ಕಂಡುಕೊಂಡ ದಾರಿ

ಹುಬ್ಬಳ್ಳಿಯಿಂದ ಅಕ್ಕನ ಮಕ್ಕಳು ಬಂದರೆ ಅವರಿಗೆ ಊರು ತೋರಿಸುವ ಕೆಲಸ ನನ್ನದೇ. ಸಿದ್ಧೇಶ್ವರ ಗುಡಿಗೆ ಸಂಜೆಯೇ ಕರೆದುಕೊಂಡು ಹೋಗುತ್ತೇನೆ. ಚಾಲುಕ್ಯರ ಕಾಲದ ಗುಡಿಗಳು ಹೆಚ್ಚಾಗಿ ಪೂರ್ವಕ್ಕೆ ಮುಖ ಮಾಡಿರುತ್ತವೆ. ಇದು ಪಶ್ಚಿಮಕ್ಕಿದೆ. ಇಳಿಬಿಸಿಲು ಎದುರಿನಿಂದ ಬಿದ್ದಾಗ ಬಳಪದ ಕಲ್ಲಿನ ಸಣ್ಣ ಕೆತ್ತನೆಯೂ ಎದ್ದು ಕಾಣುತ್ತದೆ.

ಗುಡಿಗಿಂತ ಜಾಸ್ತಿ ಹೊತ್ತು ನಾವು ನಿಲ್ಲುವುದು ಆವರಣದ ವೀರಗಲ್ಲುಗಳ ಮುಂದೆ. ವೀರಗಲ್ಲನ್ನು ಕೆಳಗಿನಿಂದ ಮೇಲಕ್ಕೆ ಓದಬೇಕು. ಇದನ್ನು ಹೇಳಿಕೊಡದಿದ್ದರೆ ಮಕ್ಕಳು ಸುಮ್ನೆ ಫೋಟೋ ತೆಗೆದು ಹೊರಟುಬಿಡುತ್ತಾರೆ. ಸಾಮಾನ್ಯವಾಗಿ ಕೆಳಗಿನ ಪಟ್ಟಿಯಲ್ಲಿ ಕಾಳಗ ಇರುತ್ತದೆ. ನಡುವೆ ಅಪ್ಸರೆಯರು ಸತ್ತ ವೀರನನ್ನು ಎತ್ತಿಕೊಂಡು ಹೋಗುತ್ತಿರುತ್ತಾರೆ. ಮೇಲೆ ಅವನು ಲಿಂಗದ ಮುಂದೆ ಕೂತಿರುತ್ತಾನೆ, ತುದಿಯಲ್ಲಿ ಸೂರ್ಯ ಚಂದ್ರ. "ಮಾಮಾ, ಇವನ ಕೂಡ ಆಕಳಾ ಯಾಕ ಅದಾವ?" ಎಂದು ಸಣ್ಣವಳು ಕೇಳಿದಳು. ದನ ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತವರಿಗೂ ಕಲ್ಲು ನಿಲ್ಲಿಸುತ್ತಿದ್ದರು ಎಂದೆ. ಆಮೇಲೆ ಪ್ರತಿ ಕಲ್ಲಿನಲ್ಲೂ ಆಕಳು ಹುಡುಕಿದಳು. ಕಲ್ಲು ಓದುವ ರುಚಿ ಹತ್ತುವುದು ಹೀಗೆಯೇ ಅಲ್ವಾ?

ಮರುದಿನ ಬೆಳಿಗ್ಗೆ ಗುತ್ತಲದ ಕಡೆಯಿಂದ ತುಂಗಭದ್ರೆಯ ದಡದ ಚೌಡಯ್ಯದಾನಪುರಕ್ಕೆ. ವಚನಕಾರ ಅಂಬಿಗರ ಚೌಡಯ್ಯನ ಹೆಸರು ಹೊತ್ತ ಊರಿದು. ಇಲ್ಲಿನ ಮುಕ್ತೇಶ್ವರ ಗುಡಿ ದೊಡ್ಡದಲ್ಲ, ಆದರೆ ಈ ಭಾಗದಲ್ಲಿ ನನಗೆ ಇದಕ್ಕಿಂತ ಚೆಂದದ ಗುಡಿ ಇಲ್ಲ. ಆವರಣದ ಎತ್ತರದ ಶಾಸನಗಳ ಮುಂದೆ ನಿಂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಗುತ್ತಲದಿಂದ ಆಳಿದ, ತಮ್ಮನ್ನು ಗುಪ್ತರ ವಂಶದವರೆಂದು ಹೇಳಿಕೊಂಡ ಗುತ್ತ ಅರಸರ ಸುದ್ದಿ ಇವುಗಳಲ್ಲಿದೆ. 1225ರಲ್ಲಿ ಇಲ್ಲಿಗೆ ಬಂದ ಶಿವದೇವ ಎಂಬ ಶರಣನ ಸುದ್ದಿಯೂ ಇದೆ. ಹಳಗನ್ನಡ ಲಿಪಿ ನಮಗೆ ಒಮ್ಮೆಲೇ ಓದಲು ಬರುವುದಿಲ್ಲ. ನಾನು ಟಾರ್ಚ್ ಅನ್ನು ಕಲ್ಲಿನ ಪಕ್ಕದಿಂದ ಓರೆಯಾಗಿ ಹಿಡಿಯುತ್ತೇನೆ. ನೆರಳು ಬಿದ್ದು ಅಕ್ಷರ ಎದ್ದು ಕಾಣುತ್ತದೆ. ಸೀಮೆಸುಣ್ಣ, ಎಣ್ಣೆ ಏನನ್ನೂ ಹಚ್ಚಬೇಡಿ. ಕಲ್ಲು ಹಾಳಾಗುತ್ತದೆ.

ಮಧ್ಯಾಹ್ನ ಕಟ್ಟಿಕೊಂಡು ಹೋದ ರೊಟ್ಟಿ, ಶೇಂಗಾ ಚಟ್ನಿ. ಆಮೇಲೆ ಗಳಗನಾಥ. ವರದಾ ನದಿ ತುಂಗಭದ್ರೆಗೆ ಸೇರುವುದು ಇಲ್ಲಿಯೇ. ಗಳಗೇಶ್ವರ ಗುಡಿಯ ಬುಡ ಮೆಟ್ಟಿಲುಮೆಟ್ಟಿಲಾಗಿ ಇಳಿಜಾರಾಗಿ ಹರಡಿಕೊಂಡಿದೆ. ಇಂಥ ಬುಡ ಬೇರೆ ಕಡೆ ನಾನು ನೋಡಿಲ್ಲ. ಅದಕ್ಕೇ ಒಳಗೆ ಹೋಗುವ ಮೊದಲು ಹೊರಗಿನಿಂದ ಪೂರ್ತಿ ಒಂದು ಸುತ್ತು ಹಾಕಿಸುತ್ತೇನೆ.

ಬಂಕಾಪುರವನ್ನೂ ಅದೇ ದಿನ ತುರುಕಬೇಡಿ. ಕೋಟೆಯೊಳಗಿನ ಅರವತ್ತಾರು ಕಂಬದ ನಗರೇಶ್ವರ ಗುಡಿ, ನವಿಲುಧಾಮ ಎರಡಕ್ಕೂ ಬೇರೆ ದಿನವೇ ಬೇಕು. ಹೊಳೆ ತುಂಬಿ ಹರಿಯುವಾಗ ಮಕ್ಕಳನ್ನು ದಡಕ್ಕೆ ಬಿಡುವಂತಿಲ್ಲ, ಹೀಗಾಗಿ ನಾವು ಹೊರಡುವುದು ದೀಪಾವಳಿ ಕಳೆದ ಮೇಲೆಯೇ.