ಹತ್ತನೇ ತಾರೀಖಿನ ಎಂಟು ಸಾವಿರ

ಪೀಣ್ಯದ ಒಂದು ಸಣ್ಣ ಕಾರ್ಖಾನೆಯಲ್ಲಿ ನಾನು ಸಿಎನ್‌ಸಿ ಯಂತ್ರ ನಡೆಸುತ್ತೇನೆ. ಬಾಡಿಗೆ ಮನೆ ಲಗ್ಗೆರೆಯಲ್ಲಿದೆ. 2023ರ ಕೊನೆಯ ಹೊತ್ತಿಗೆ ನನ್ನ ತಲೆಯ ಮೇಲೆ ಎರಡು ಸಾಲಗಳಿದ್ದವು. ಅಪ್ಪನ ಆಸ್ಪತ್ರೆ ಖರ್ಚಿಗೆಂದು ಉಜ್ಜಿದ ಕ್ರೆಡಿಟ್ ಕಾರ್ಡಿನ ಬಾಕಿ ಒಂದು, ತಿಂಗಳಿಗೆ 6,400 ರೂಪಾಯಿ ಕಂತಿನ ವೈಯಕ್ತಿಕ ಸಾಲ ಇನ್ನೊಂದು. ಕಾರ್ಡಿನ ಬಾಕಿಯನ್ನು ಲೋಕ ಅದಾಲತ್‌ನಲ್ಲಿ ರಾಜಿ ಮಾಡಿಕೊಂಡು 18 ಕಂತುಗಳಲ್ಲಿ ತೀರಿಸಿದೆ. ಆ ಒಂದೂವರೆ ವರ್ಷದಲ್ಲಿ ಮನೆಯ ಲೆಕ್ಕ ಬರೆಯುವುದನ್ನು ಕಲಿತ ಬಗೆಯನ್ನು, ಮಾಡಿದ ತಪ್ಪುಗಳ ಸಮೇತ, ಇಲ್ಲಿ ಹೇಳುತ್ತಿದ್ದೇನೆ.

ಕಾರ್ಡಿನ ಸಾಲ ಏಕೆ ಕರಗುವುದಿಲ್ಲ ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಬಾಕಿ 1,42,000 ರೂಪಾಯಿ ಇದ್ದಾಗ ನಾನು ಪ್ರತಿ ತಿಂಗಳೂ ಅದರ ಶೇ 5ರಷ್ಟು, ಅಂದರೆ 7,100 ರೂಪಾಯಿ ಕನಿಷ್ಠ ಮೊತ್ತವನ್ನು ಕಟ್ಟಿ, ಸಾಲ ಇಳಿಯುತ್ತಿದೆ ಎಂದು ನೆಮ್ಮದಿಯಿಂದಿದ್ದೆ. ತಿಂಗಳಿಗೆ ಶೇ 3.5ರಂತೆ ಬಡ್ಡಿಯೇ 4,970 ರೂಪಾಯಿ, ಆ ಬಡ್ಡಿಯ ಮೇಲೆ ಶೇ 18ರ ಜಿಎಸ್‌ಟಿ 895 ರೂಪಾಯಿ. ಕಟ್ಟಿದ 7,100ರಲ್ಲಿ ಅಸಲಿಗೆ ಸೇರುತ್ತಿದ್ದುದು ಬರೀ 1,235. ಆ ತಿಂಗಳಲ್ಲಿ ದಿನಸಿಗೆಂದು ಒಮ್ಮೆ ಕಾರ್ಡ್ ಉಜ್ಜಿದರೆ ಅದೂ ಅಳಿಸಿಹೋಗುತ್ತಿತ್ತು. ಕೊನೆಗೊಮ್ಮೆ ಕಟ್ಟುವುದನ್ನೇ ನಿಲ್ಲಿಸಿದೆ. ದಂಡ, ಬಡ್ಡಿ ಎಲ್ಲ ಸೇರಿ ಬಾಕಿ 1,83,000ಕ್ಕೆ ಏರಿತು, ವಸೂಲಿಯವರ ಕರೆಗಳೂ ಶುರುವಾದವು. ಬೆಳಿಗ್ಗೆ 8ಕ್ಕೆ ಮೊದಲು ಮತ್ತು ಸಂಜೆ 7ರ ನಂತರ ಅವರು ಕರೆ ಮಾಡುವಂತಿಲ್ಲ ಎಂಬ ರಿಸರ್ವ್ ಬ್ಯಾಂಕಿನ ನಿಯಮ ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿದ್ದರೆ ರಾತ್ರಿ ಊಟದ ಹೊತ್ತಿಗೆ ಫೋನನ್ನು ದಿಂಬಿನ ಕೆಳಗೆ ಬಚ್ಚಿಡುತ್ತಿರಲಿಲ್ಲ.

2024ರ ಆರಂಭದಲ್ಲಿ ಲೋಕ ಅದಾಲತ್‌ನ ನೋಟಿಸ್ ಬಂತು. ಅದನ್ನು ನೋಡಿ ಪೊಲೀಸ್ ಕೇಸ್ ಎಂದು ಹೆದರಿದವನಿಗೆ, ಬ್ಯಾಂಕಿನವರು ದಾವೆ ಹೂಡುವ ಮೊದಲೇ ರಾಜಿಗೆ ಕರೆದಿದ್ದಾರೆ ಎಂದು ಬಿಡಿಸಿ ಹೇಳಿದ್ದು ಕಾನೂನು ನೆರವಿನ ವಕೀಲರು. ಕಾನೂನು ಸೇವೆಗಳ ಪ್ರಾಧಿಕಾರದ ಕಚೇರಿಯಿರುವ ಎಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿ ಅವರನ್ನು ಭೇಟಿಯಾದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ ಪ್ರಕಾರ ಕೈಗಾರಿಕಾ ಕಾರ್ಮಿಕನಿಗೂ ಉಚಿತ ಕಾನೂನು ನೆರವು ಸಿಗುತ್ತದೆ ಎಂಬುದೇ ನನಗೆ ಹೊಸ ವಿಷಯವಾಗಿತ್ತು. ಅವರು ಹೇಳಿದ್ದರಲ್ಲಿ ಎರಡು ಮಾತು ಮುಖ್ಯ. ಒಪ್ಪಿಗೆಯಿಲ್ಲದೆ ಅಲ್ಲಿ ಯಾರೂ ಸಹಿ ಹಾಕಿಸಿಕೊಳ್ಳಲಾರರು. ಆದರೆ ಸಹಿ ಹಾಕಿದ ಮೇಲೆ ಆ ಅದಾಲತ್ ಆದೇಶಕ್ಕೆ ಸಿವಿಲ್ ನ್ಯಾಯಾಲಯದ ಡಿಕ್ರಿಯಷ್ಟೇ, ಅಂದರೆ ತೀರ್ಪಿನಷ್ಟೇ, ಬಲವಿರುತ್ತದೆ, ಅದರ ಮೇಲೆ ಮೇಲ್ಮನವಿ ಇಲ್ಲ. ಹೊರಡುವಾಗ ಅವರು, "ನಿಮ್ಮ ಒಳ್ಳೆಯ ತಿಂಗಳಿನ ಲೆಕ್ಕ ಹಿಡಿದು ಒಪ್ಪಿಕೊಳ್ಳಬೇಡಿ, ತೀರಾ ಕೈಕಟ್ಟಿದ ತಿಂಗಳಿನ ಲೆಕ್ಕ ಹಾಕಿಕೊಂಡು ಬನ್ನಿ" ಎಂದರು. ನಾನು ತಲೆಯಾಡಿಸಿ ಬಂದು ಒಳ್ಳೆಯ ತಿಂಗಳಿನ ಲೆಕ್ಕವನ್ನೇ ಹಾಕಿದೆ.

ಆ ಲೆಕ್ಕ ಹೀಗಿತ್ತು. ಕೈಗೆ ಬರುವ ಸಂಬಳ 33,000. ಹೆಂಡತಿಯ ಹೊಲಿಗೆಯಿಂದ ಏನಿಲ್ಲವೆಂದರೂ 4,000. ಬಾಡಿಗೆ 9,500, ದಿನಸಿ, ಹಾಲು, ತರಕಾರಿ, ಗ್ಯಾಸ್ ಎಲ್ಲಕ್ಕೂ 8,500, ಪೆಟ್ರೋಲು ಮತ್ತು ಫೋನಿಗೆ 2,600, ಅಮ್ಮನ ಮಾತ್ರೆಗೆ 1,400, ವೈಯಕ್ತಿಕ ಸಾಲದ ಕಂತು 6,400. ಗೃಹಜ್ಯೋತಿಯಿಂದ ಕರೆಂಟ್ ಬಿಲ್ಲು ಶೂನ್ಯವಾಗಿತ್ತು. ಗೃಹಲಕ್ಷ್ಮಿಯ 2,000 ರೂಪಾಯಿಯನ್ನು ಮಾತ್ರ ಆದಾಯವೆಂದು ಬರೆಯಲಿಲ್ಲ. ಒಂದು ತಿಂಗಳು ಬಂದದ್ದು ಮರುತಿಂಗಳು ತಡವಾಗುತ್ತಿತ್ತು. ಎಲ್ಲ ಕಳೆದು 8,600 ಉಳಿಯುತ್ತದೆ ಎಂದು ಕಂಡಿತು.

ಮಾರ್ಚ್ ತಿಂಗಳ ಅದಾಲತ್‌ನಲ್ಲಿ ಬ್ಯಾಂಕಿನವರು 1,83,000ದಿಂದ 1,44,000ಕ್ಕೆ ಇಳಿದರು, ಆದರೆ 12 ಕಂತಿಗೆ ಪಟ್ಟು ಹಿಡಿದರು. ತಿಂಗಳಿಗೆ 12,000 ನನ್ನಿಂದಾಗದು ಎಂದು ಲೆಕ್ಕದ ಹಾಳೆಯನ್ನು ಪೀಠದ ಮುಂದಿಟ್ಟೆ. ನ್ಯಾಯಾಧೀಶರು ಅದನ್ನು ಓದಿ ಬ್ಯಾಂಕಿನವರ ಕಡೆಗೆ ಸರಿಸಿದರು. ತಿಂಗಳಿಗೆ 8,000ದಂತೆ 18 ಕಂತು ಎಂದಾಯಿತು. ಕಂತಿನ ದಿನವನ್ನು 5ನೇ ತಾರೀಖು ಎಂದು ಬರೆಯಲು ಹೊರಟಿದ್ದರು. ನಮ್ಮಲ್ಲಿ ಸಂಬಳ 7ಕ್ಕೆ. ಅಂದು ಭಾನುವಾರವೋ ರಜೆಯೋ ಬಂದರೆ 8 ಅಥವಾ 9. ಹಾಗಾಗಿ 10ನೇ ತಾರೀಖು ಬೇಕೆಂದು ಕೇಳಿ ಬರೆಸಿಕೊಂಡೆ. ಆ ದಿನ ನಾನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ. ಸತತ ಎರಡು ಕಂತು ತಪ್ಪಿದರೆ ರಿಯಾಯಿತಿ ರದ್ದಾಗಿ ಪೂರ್ಣ ಬಾಕಿ ಮೈಮೇಲೆ ಬರುತ್ತದೆ ಎಂಬ ಷರತ್ತೂ ಅದರಲ್ಲಿತ್ತು.

ಏಪ್ರಿಲ್, ಮೇ ಕಂತುಗಳು ಸರಾಗವಾಗಿ ಹೋದವು. ಜೂನ್‌ನಲ್ಲಿ ಮಗಳ ಶಾಲೆ ತೆರೆಯಿತು. ಅರ್ಧ ಶುಲ್ಕ, ಪುಸ್ತಕ, ಶೂ ಎಲ್ಲ ಸೇರಿ 15,000. ಮೂರು ತಿಂಗಳ ಉಳಿಕೆ 1,800, ಮದುವೆ ಸೀಸನ್ನಿನಲ್ಲಿ ಹೊಲಿಗೆಯಿಂದ ಹೆಚ್ಚಿಗೆ ಬಂದ 5,200, ಇನ್ನುಳಿದ 8,000ಕ್ಕೆ ಅದಾಲತ್ ಕಂತಿನ ಹಣವೇ ಹೋಯಿತು. ಕಂತು ತಪ್ಪಿತು. ಅಂದೇ ಶಾಖೆಗೆ ಹೋಗಿ, ಜುಲೈನಲ್ಲಿ ಎರಡೂ ಕಂತನ್ನು ಒಟ್ಟಿಗೆ ಕಟ್ಟುತ್ತೇನೆ ಎಂದು ಪತ್ರ ಬರೆದುಕೊಟ್ಟು, ಸ್ವೀಕೃತಿಯ ಮುದ್ರೆ ಹಾಕಿಸಿಕೊಂಡೆ. ಜುಲೈನಲ್ಲಿ ಆ ಮಾತು ಉಳಿಸಿಕೊಂಡದ್ದು ಮಾಲೀಕರಿಂದ ಮುಂಗಡ ಪಡೆದು. ತಿಂಗಳಿಗೆ 2,000ದಂತೆ ನಾಲ್ಕು ತಿಂಗಳು ಸಂಬಳದಲ್ಲಿ ಹಿಡಿದುಕೊಂಡರು. ಸಾಲ ತೀರಿಸಲು ಮತ್ತೊಂದು ಸಾಲ ಮಾಡಿದೆ ಎಂಬುದನ್ನು ಬೇರೆ ಯಾವ ಹೆಸರಿನಿಂದಲೂ ಕರೆಯಲಾಗದು.

ಒಂದು ಶನಿವಾರ ರಾತ್ರಿ ನನ್ನ ಹೆಂಡತಿ ಕೇಳಿದ ಪ್ರಶ್ನೆ ಇದು: "ರೀ, ಜೂನ್‌ನಲ್ಲಿ ಶಾಲೆ ತೆರೆಯೋದು ಈ ವರ್ಷ ಮಾತ್ರಾನಾ?" ನನ್ನ ಹಾಳೆಯಲ್ಲಿ ತಿಂಗಳ ಖರ್ಚೆಲ್ಲವೂ ಇತ್ತು, ವರ್ಷದ ಖರ್ಚು ಒಂದೂ ಇರಲಿಲ್ಲ. ಇಬ್ಬರೂ ಕೂತು ಬರೆದೆವು. ಶಾಲೆಗೆ 26,000, ವರಮಹಾಲಕ್ಷ್ಮಿ, ಗೌರಿ-ಗಣೇಶ, ದೀಪಾವಳಿಗೆ 9,000, ಎಲ್‌ಐಸಿ ಕಂತು 6,600, ಊರಿನ ಜಾತ್ರೆಗೆ ಹೋಗಿಬರಲು 5,000, ಮುಯ್ಯಿಗೆ 4,000, ಸ್ಕೂಟರಿನ ವಿಮೆ ಮತ್ತು ಸರ್ವೀಸಿಗೆ 3,800. ಒಟ್ಟು 54,400, ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 4,533. ನನ್ನ ಬಳಿ ಉಳಿಯುತ್ತಿದ್ದುದು 600. ಸರಿಸುಮಾರು ನಾಲ್ಕು ಸಾವಿರದ ಆ ತೂತನ್ನೇ ನಾನು ಇಷ್ಟು ವರ್ಷ ಕಾರ್ಡಿನಿಂದ ಮುಚ್ಚುತ್ತಾ ಬಂದಿದ್ದೆ. ಆಸ್ಪತ್ರೆಯ ಖರ್ಚು ಸಾಲವನ್ನು ಒಮ್ಮೆಗೇ ಎತ್ತರಿಸಿದ್ದು ನಿಜ. ಆದರೆ ಹಳೆಯ ಸ್ಟೇಟ್‌ಮೆಂಟುಗಳನ್ನು ತೆಗೆದು ನೋಡಿದಾಗ ಪ್ರತಿ ಜೂನ್, ಪ್ರತಿ ಸೆಪ್ಟೆಂಬರ್‌ನಲ್ಲೂ ಬಾಕಿ ಒಂದೊಂದು ಮೆಟ್ಟಿಲು ಹತ್ತಿತ್ತು.

ಆ ಪಟ್ಟಿಯನ್ನು ತಿಂಗಳುವಾರು ಹರಡಿದಾಗ ಇನ್ನೊಂದು ವಿಷಯ ಹೊಳೆಯಿತು. ವೈಯಕ್ತಿಕ ಸಾಲ ಅಕ್ಟೋಬರ್‌ಗೆ ಮುಗಿಯುತ್ತಿತ್ತು. ಅಲ್ಲಿಯವರೆಗೆ ದಾಟಿಕೊಂಡರೆ ತಿಂಗಳಿಗೆ 6,400 ಬಿಡುವಾಗುತ್ತದೆ. ಶಾಲೆಗೆ ಅರ್ಜಿ ಬರೆದು ಉಳಿದ 11,000ವನ್ನು ಅಕ್ಟೋಬರ್ ಮತ್ತು ಡಿಸೆಂಬರ್‌ಗೆ ಹಂಚಿಸಿಕೊಂಡೆವು. ಬಾಯಿಮಾತಿನಲ್ಲಿ ಕೇಳಿದಾಗ ಕಚೇರಿಯವರು ಆಗುವುದಿಲ್ಲ ಎಂದಿದ್ದರು. ಮುಖ್ಯೋಪಾಧ್ಯಾಯರ ಹೆಸರಿಗೆ ಬರೆದುಕೊಟ್ಟ ಮೇಲೆ ಆಯಿತು. ಓಟಿಯ, ಅಂದರೆ ಹೆಚ್ಚುವರಿ ಹೊತ್ತು ದುಡಿದದ್ದರ, ಹಣವನ್ನು ಆದಾಯವೆಂದು ಬರೆಯುವುದನ್ನು ಬಿಟ್ಟು, ಬಂದದ್ದನ್ನು ಬಂದ ಹಾಗೇ ಬೇರೊಂದು ಉಳಿತಾಯ ಖಾತೆಗೆ ಹಾಕಿದೆ. ಆ ಖಾತೆಗೆ ಡೆಬಿಟ್ ಕಾರ್ಡ್ ತೆಗೆದುಕೊಳ್ಳಲಿಲ್ಲ, ಫೋನಿನ ಯುಪಿಐಗೂ ಜೋಡಿಸಲಿಲ್ಲ. ಹಣ ಬೇಕಾದರೆ ಶಾಖೆಗೆ ಹೋಗಿ ಚೀಟಿ ತುಂಬಬೇಕು, ಅದಕ್ಕೆ ಕಾರ್ಖಾನೆಗೆ ಅರ್ಧ ದಿನ ರಜೆ ಹಾಕಬೇಕು. ಆ ಅರ್ಧ ದಿನದ ಸಂಬಳ ನೆನೆದೇ ಎಷ್ಟೋ ಖರ್ಚುಗಳು ತಪ್ಪಿದವು.

ದಿನದ ಖರ್ಚಿನ ಪುಸ್ತಕ ಮಗಳ ಹಿಂದಿನ ವರ್ಷದ ಲಾಂಗ್ ನೋಟ್‌ಬುಕ್ಕು; ಮುಂದಿನ ಪುಟಗಳಲ್ಲಿ ಸಮಾಜ ವಿಜ್ಞಾನ, ಹಿಂದಿನಿಂದ ನಮ್ಮ ಲೆಕ್ಕ. ಅದರಲ್ಲಿ ಹೆಂಡತಿ ಒಂದು ಕಾಲಂ ಎಳೆದು "ಲೆಕ್ಕ ಸಿಗದ್ದು" ಎಂದು ಬರೆದಳು. ರಾತ್ರಿ ಲೆಕ್ಕ ತಾಳೆಯಾಗದಿದ್ದರೆ ಜಗಳವಾಡುವ ಬದಲು ವ್ಯತ್ಯಾಸವನ್ನು ಅಲ್ಲಿ ಬರೆದು ಮಲಗುವುದು. ಮೊದಲ ತಿಂಗಳು ಆ ಕಾಲಂನಲ್ಲಿ 1,340 ರೂಪಾಯಿ ನಿಂತಿತು. ಹುಡುಕಿದರೆ ಅಷ್ಟೂ ಹೆಚ್ಚುಕಡಿಮೆ ನನ್ನದೇ: ಶಿಫ್ಟ್ ಮುಗಿಸಿ ಗೇಟಿನ ಮುಂದೆ ನಾಲ್ಕು ಜನರ ಟೀ, ಬೋಂಡಾಗೆ ಫೋನಿನಲ್ಲಿ ಸ್ಕ್ಯಾನ್ ಮಾಡಿದ ದುಡ್ಡು. ಟೀ ಬಿಡಲಿಲ್ಲ, ಅದಕ್ಕೆ ತಿಂಗಳಿಗೆ 500 ಎಂದು ಹೆಸರು ಹಾಕಿ ಬರೆದೆವು. ದಿನಸಿ ಹಣವನ್ನು ಮೊದಲು ನಾಲ್ಕು ಡಬ್ಬಿಗಳಲ್ಲಿ ವಾರದಂತೆ ಹಂಚಿಟ್ಟಿದ್ದೆವು, ಆದರೆ ಐದು ಶನಿವಾರ ಬಂದ ತಿಂಗಳಲ್ಲಿ ಕೊನೆಯ ವಾರ ಡಬ್ಬಿ ಖಾಲಿ. ಆಮೇಲೆ 8,500ನ್ನು ಐದು ಪಾಲು ಮಾಡಿ 1,700ದಂತೆ ಇಟ್ಟೆವು. ನಾಲ್ಕೇ ಶನಿವಾರದ ತಿಂಗಳಲ್ಲಿ ಉಳಿದ ಪಾಲು ಗ್ಯಾಸ್ ಸಿಲಿಂಡರಿಗೆ.

ನವೆಂಬರ್‌ನಿಂದ ಉಸಿರಾಡುವಂತಾಯಿತು. ಬಿಡುವಾದ 6,400ರಲ್ಲಿ 4,600ನ್ನು ವರ್ಷದ ಖಾತೆಗೆ ಹಾಕಿ, ಉಳಿದ 1,800ನ್ನು ಹಾಗೇ ಬಿಟ್ಟೆ. 2025ರ ಜೂನ್‌ನಲ್ಲಿ ಶಾಲೆಯ ಶುಲ್ಕವನ್ನೂ ಅದಾಲತ್ ಕಂತನ್ನೂ ಒಂದೇ ವಾರದಲ್ಲಿ ಕಟ್ಟಿದೆವು.

ಹದಿನೆಂಟನೆಯ ಕಂತು 2025ರ ಸೆಪ್ಟೆಂಬರ್ 10ರಂದು ಹೋಯಿತು. ಬಾಕಿ ಇಲ್ಲವೆಂಬ ಪತ್ರಕ್ಕಾಗಿ ಎರಡು ಸಲ ಅಲೆಯಬೇಕಾಯಿತು. ವರ್ಷಕ್ಕೊಮ್ಮೆ ಉಚಿತವಾಗಿ ಸಿಗುವ ಕ್ರೆಡಿಟ್ ವರದಿಯನ್ನು ಅಕ್ಟೋಬರ್‌ನಲ್ಲಿ ತೆಗೆದು ನೋಡಿದರೆ ಅದರಲ್ಲಿ ಇನ್ನೂ ಬಾಕಿ ಮೊತ್ತ ಕಾಣುತ್ತಿತ್ತು. ಪತ್ರದ ಪ್ರತಿ ಲಗತ್ತಿಸಿ ತಕರಾರು ದಾಖಲಿಸಿದೆ. ಇಂಥ ತಕರಾರನ್ನು 30 ದಿನದೊಳಗೆ ಬಗೆಹರಿಸದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮವಿದೆ. ನನ್ನದು 22ನೇ ದಿನಕ್ಕೆ ಸರಿಹೋಯಿತು. ಬಾಕಿ ಶೂನ್ಯವಾಯಿತು, ಆದರೆ ಪಕ್ಕದಲ್ಲಿ "ಸೆಟಲ್ಡ್" ಎಂಬ ಪದ ಉಳಿದಿದೆ. ಪೂರ್ತಿ ಕಟ್ಟಿ ಮುಗಿಸಿದವರಿಗೆ ಬರುವ "ಕ್ಲೋಸ್ಡ್" ಎಂಬ ಪದಕ್ಕೂ ಇದಕ್ಕೂ ಬ್ಯಾಂಕಿನವರ ಕಣ್ಣಿನಲ್ಲಿ ವ್ಯತ್ಯಾಸವಿದೆ ಎಂದು ವಕೀಲರು ಮೊದಲೇ ಹೇಳಿದ್ದರು, ಆದ್ದರಿಂದ ಬೇಸರವಾಗಲಿಲ್ಲ. ಅದೇ ಅಕ್ಟೋಬರ್ 10ರ ಬೆಳಿಗ್ಗೆ ಅಭ್ಯಾಸಬಲದಿಂದ ಬ್ಯಾಂಕಿನ ಆ್ಯಪ್ ತೆರೆದು ಕುಳಿತಿದ್ದೆ. ಅಡುಗೆಮನೆಯಿಂದ ಹೆಂಡತಿ, "ಯಾರಿಗ್ರೀ ಕಳಿಸ್ತಿದ್ದೀರಾ?" ಎಂದಳು.